ಚರ್ಚಿನ ಹಾಡೂ ಕನ್ನಡದ ನಡಿಗೆಯೂ



ಕಳೆದ ಕ್ರಿಸ್ಮಸ್ಸಿಗೆ ಮೂರು ವಾರ ಮುಂಚೆ ನನ್ನ ಹಳೆಯ ಶಿಷ್ಯನೊಬ್ಬ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದ. ಸವದತ್ತಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಷಟ್ಪದಿಗೆ ಪ್ರಸ್ತಾರ ಹಾಕಲು ಕಲಿತವನು. ಈಗ ತನ್ನ ಊರಿನ ಸಭೆಯ ಗಾಯನ ಮೇಳವನ್ನು ನಡೆಸುತ್ತಾನೆ. ಚಹಾ ಕುಡಿದಾದ ಮೇಲೆ ಚೀಲದಿಂದ ಒಂದು ನೋಟ್‌ಬುಕ್ಕನ್ನು ತೆಗೆದು ಸಂಕೋಚದಿಂದಲೇ ಹೇಳಿದ:

"ಸರ, ಒಂದ ಹಾಡ ಬರ್ದೇನ್ರಿ. ಧಾಟಿನೂ ನಾನ ಕೂಡಿಸೇನಿ. ಆದ್ರ ಹಾಡಾಕ ಹೋದ್ರ ಎಲ್ಲೋ ಕಾಲ ತೊಡಕತೈತ್ರಿ. ನೀವು ಒಮ್ಮೆ ಕೇಳ್ರಿ."

ಹಾಡಿನ ಮೊದಲ ಸಾಲು "ಕರುಣೆಯ ಬಲವನು ಕೊಡು ಗುರುವೇ" ಎಂದಿತ್ತು. ಓದಲು ಸೊಗಸಾದ ಸಾಲು. ಆದರೆ ಅವನು ಕೂಡಿಸಿದ ಧಾಟಿ ನಮ್ಮ ಚರ್ಚುಗಳಲ್ಲಿ ಬಳಕೆಯಲ್ಲಿರುವ ಹಳೆಯ ವಿಲಾಯತಿ ರಾಗಗಳ ಜಾಡಿನದು. "ಬಲವನು" ಎಂಬಲ್ಲಿಯ "ಬ" ಅಕ್ಷರಕ್ಕೆ ಸರಿಯಾಗಿ ಒಂದು ಉದ್ದನೆಯ ಸ್ವರ ಬಿದ್ದಿತ್ತು. ಅವನು ಕಣ್ಣು ಮುಚ್ಚಿ ಭಕ್ತಿಯಿಂದ "ಬಾ...ಲವನು ಕೊಡು" ಎಂದು ಹಾಡುತ್ತಿದ್ದಂತೆ ಅಡುಗೆಮನೆಯಿಂದ ನನ್ನ ಮನೆಯವರ ಧ್ವನಿ ಕೇಳಿಸಿತು: "ಏನ್ರೀ, ಯೇಸುಸ್ವಾಮಿ ಕಡೆ ಬಾಲಾ ಬೇಡಾಕತ್ತಾನಲ್ರೀ ನಿಮ್ಮ ಹುಡುಗ!"

ಮೂವರೂ ಮನಸಾರೆ ನಕ್ಕೆವು. ನಗು ನಿಂತ ಮೇಲೆ ಅವನು ಹೇಳಿದ ಇನ್ನೊಂದು ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. "ಸರ, ಇದು ಕಡೀ ಹಾಡ ಆಗಬಹುದ್ರಿ. ಕಮಿಟಿಯವರು ಇನ್ನ ಮೇಳ ಬ್ಯಾಡ, ಫೋನಿನ್ಯಾಗ ಟ್ರ್ಯಾಕ್ ಹಚ್ಚಿದ್ರ ಸಾಕು ಅನ್ನಾಕತ್ತಾರ. ಇಪ್ಪತ್ನಾಲ್ಕ ಮಂದಿ ಇದ್ದವ್ರು ಈಗ ಏಳ ಮಂದಿ ಉಳಿದೇವ್ರಿ."

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ನಮ್ಮ ಭಾಗದ ಚರ್ಚುಗಳಲ್ಲಿ ಹಾಡು ಹೀಗೇಕೆ ಸೊರಗಿತು, ಇದರಲ್ಲಿ ನನ್ನ ಪಾಲೆಷ್ಟು, ಹೊಸದಾಗಿ ಹಾಡು ಕಟ್ಟುವವರು ಏನು ಮಾಡಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರು ಚರ್ಚಿಗೆ ಹೋಗುವವರಲ್ಲವೆಂದು ಬಲ್ಲೆ. ಆದರೂ ಇದು ಕನ್ನಡದ ಮಾತೂ ಹೌದಾದ್ದರಿಂದ ಓದುವಿರೆಂದು ನಂಬಿದ್ದೇನೆ.

ನಮ್ಮ ಮನೆತನದಲ್ಲಿ ನನ್ನ ಅಜ್ಜನ ಕಾಲದಿಂದ ಕ್ರೈಸ್ತ ಆರಾಧನೆ ನಡೆದುಬಂದಿದೆ. ಎರೆಭೂಮಿಯ ಸಣ್ಣ ಹಳ್ಳಿ. ಚರ್ಚು ಎಂದರೆ ಮಣ್ಣಿನ ಗೋಡೆಯ ಒಂದು ಉದ್ದ ಕೋಣೆ. ಡಿಸೆಂಬರಿನ ಚಳಿಯಲ್ಲಿ ಕಂದೀಲು ಹಿಡಿದು ಮನೆಮನೆಗೆ ಹಾಡಲು ಹೋಗುತ್ತಿದ್ದೆವು. ಪೇಟಿಯನ್ನು ಹಗ್ಗದಿಂದ ಕೊರಳಿಗೆ ಕಟ್ಟಿಕೊಂಡು ನನ್ನ ಕಾಕಾ ಮುಂದೆ ನಡೆಯುತ್ತಿದ್ದರು. ಹೋದಲ್ಲೆಲ್ಲ ಚುರುಮುರಿ, ಚಹಾ. ಲಿಂಗಾಯತರ ಓಣಿಯಲ್ಲೂ ಬಾಗಿಲು ತೆರೆದು ನಿಂತು ಕೇಳುವವರಿದ್ದರು. ಮುಂದೆ ಬಿ.ಇಡಿ. ಮುಗಿಸಿ ಮೊದಲು ರಾಮದುರ್ಗ, ಆಮೇಲೆ ಸವದತ್ತಿ, ಕಿತ್ತೂರು, ಕೊನೆಗೆ ಬೈಲಹೊಂಗಲ ಎಂದು ವರ್ಗವಾದಲ್ಲೆಲ್ಲ ಭಾನುವಾರ ಹಾಡುವ ಜಾಗವೊಂದನ್ನು ಹುಡುಕಿಕೊಳ್ಳುತ್ತಿದ್ದೆ. ಹೆಂಗಸರ ಮೇಲಿನ ಧ್ವನಿ, ಕೆಳಗಿನ ಧ್ವನಿ, ಗಂಡಸರ ಮೇಲಿನ ಧ್ವನಿ, ಕೆಳಗಿನ ಧ್ವನಿ ಎಂದು ನಾಲ್ಕು ಪಾಲು ಮಾಡಿ ಹಾಡುವ ಪದ್ಧತಿಯನ್ನು ನಾನು ಕಲಿತದ್ದು ಹಾಗೆಯೇ. ಹಾಳೆಯ ಮೇಲೆ ಡೋ, ರೇ, ಮಿ ಎಂದು ಅಕ್ಷರಗಳಲ್ಲಿ ಬರೆದುಕೊಡುತ್ತಿದ್ದರು. ಸುಮಾರು ಹದಿನೈದು ವರ್ಷ ನಾನೇ ಒಂದು ಮೇಳವನ್ನು ನಡೆಸಿದ್ದೇನೆ.

ಸೋಮವಾರ ತರಗತಿಯಲ್ಲಿ ಲಘು-ಗುರು ಕಲಿಸುವವನು, ಭಾನುವಾರ ಲಘುವನ್ನು ಗುರುವೆಂದೂ ಗುರುವನ್ನು ಲಘುವೆಂದೂ ಹಾಡುತ್ತಿದ್ದೆ! ಇದು ನನಗೆ ಹೊಳೆಯಲು ಬಹಳ ವರ್ಷಗಳೇ ಬೇಕಾದವು.

ಕನ್ನಡದಲ್ಲಿ ಸ್ವರದ ಉದ್ದವೇ ಅರ್ಥವನ್ನು ಕಾಯುತ್ತದೆ. ಬಲ ಬಾಲವಾದರೆ, ಪದ ಪಾದವಾದರೆ, ನಡು ನಾಡಾದರೆ, ಬಿಡು ಬೀಡಾದರೆ ಮಾತೇ ಬೇರೆಯಾಗುತ್ತದೆ. ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳಲ್ಲಿ ಛಂದಸ್ಸು ನಿಂತಿರುವುದು ಅಕ್ಷರದ ಮೇಲೆ ಬೀಳುವ ಒತ್ತಿನ ಮೇಲೆ. ಆ ದೇಶಗಳ ಕೀರ್ತನೆಗಳನ್ನು ಸಾಲಿಗೆ ೮, ೬, ೮, ೬ ಎಂದೋ, ೮, ೮, ೮, ೮ ಎಂದೋ ಅಕ್ಷರ ಎಣಿಸಿ ವರ್ಗೀಕರಿಸುತ್ತಾರೆ. ಅನುವಾದಕರು ಆ ಎಣಿಕೆಗೆ ಸರಿಯಾಗಿ ಕನ್ನಡದ ಅಕ್ಷರಗಳನ್ನು ಕೂಡಿಸಿದರು. ಆದರೆ ನಮ್ಮ ಷಟ್ಪದಿ, ರಗಳೆಗಳು ಎಣಿಸುವುದು ಅಕ್ಷರವನ್ನಲ್ಲ, ಮಾತ್ರೆಯನ್ನು. ಎಂಟು ಅಕ್ಷರದಲ್ಲಿ ಎಂಟು ಮಾತ್ರೆಯೂ ಇರಬಹುದು, ಹದಿನಾರೂ ಇರಬಹುದು. ಇನ್ನೊಂದು ತೊಡಕೂ ಉಂಟು. ಆ ಭಾಷೆಗಳ ಅನೇಕ ಧಾಟಿಗಳು ಒತ್ತಿಲ್ಲದ ಒಂದು ಹಗುರ ಸ್ವರದಿಂದ ಆರಂಭವಾಗಿ ಎರಡನೆಯ ಸ್ವರದ ಮೇಲೆ ಕಾಲೂರುತ್ತವೆ. ಕನ್ನಡದ ಮಾತಾದರೋ ಮೊದಲ ಅಕ್ಷರದಲ್ಲಿಯೇ ಕಾಲೂರಿ ನಿಲ್ಲುತ್ತದೆ. ಅಂಥ ಧಾಟಿಯಲ್ಲಿ "ಕರುಣೆ" ಹೋಗಿ "ಕರೂಣೆ"ಯಾಗುತ್ತದೆ. ಅಭ್ಯಾಸಬಲದಿಂದ ನಮಗೆ ಅದು ಕೇಳಿಸುವುದೇ ಇಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಕೇಳಿಸುತ್ತದೆ. ಅವರು ಕಿಸಕ್ಕನೆ ನಗುತ್ತಾರೆ, ನಾವು ಗದರಿಸಿ ಕೂರಿಸುತ್ತೇವೆ.

ಇದಕ್ಕಾಗಿ ಮಿಷನರಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ೧೮೨೦ರಲ್ಲಿ ಬೆಳಗಾವಿಗೆ ಬಂದರು. ಅಂದರೆ ಕಿತ್ತೂರಿನ ಯುದ್ಧಕ್ಕೆ ನಾಲ್ಕು ವರ್ಷ ಮೊದಲು. ೧೯೦೪ರಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಬಂದಿತು. ಇತ್ತ ಬಾಸೆಲ್ ಮಿಷನ್ ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ, ೧೮೩೯ರಲ್ಲಿ ಹುಬ್ಬಳ್ಳಿಗೆ ಬಂದಿತು. ಮೆಥೋಡಿಸ್ಟರೊಂದಿಗೆ ಆರು ಸಾವಿರಕ್ಕೂ ಹೆಚ್ಚು ಕೀರ್ತನೆಗಳನ್ನು ಬರೆದ ಚಾರ್ಲ್ಸ್ ವೆಸ್ಲಿಯ ಪರಂಪರೆ ಬಂದಿತು. ಬಾಸೆಲಿನವರೊಂದಿಗೆ ಜರ್ಮನ್ ಸಭೆಗಳ ಗಂಭೀರವಾದ ಕೋರಲ್ ರಾಗಗಳು ಬಂದವು. ಮನುಷ್ಯನು ತನ್ನ ತಾಯಿ ಕಲಿಸಿದ ಹಾಡಿನಲ್ಲಿಯೇ ದೇವರನ್ನು ನೆನೆಯುತ್ತಾನೆ. ಅವರು ತಮಗೆ ಪ್ರಿಯವಾದುದನ್ನು ನಮಗೆ ಕೊಟ್ಟರು. ಆ ರಾಗಗಳಲ್ಲಿ ಕೆಲವು ಇಂದಿಗೂ ನನ್ನ ಕಣ್ಣಲ್ಲಿ ನೀರು ತರಿಸುತ್ತವೆ.

ಆದರೆ ಆ ರಾಗಗಳ ಮೂಲಕ್ಕೆ ಹೋದರೆ ಅಲ್ಲಿ ಒಂದು ಪಾಠವಿದೆ. ಮಾರ್ಟಿನ್ ಲೂಥರನ ಕಾಲಕ್ಕೆ ಆರಾಧನೆಯ ಹಾಡು ಬಹುಮಟ್ಟಿಗೆ ಲ್ಯಾಟಿನ್ ಭಾಷೆಯದು, ತರಬೇತಾದ ಗಾಯಕರದು. ಜನಸಾಮಾನ್ಯರು ಹೆಚ್ಚಾಗಿ ಕೇಳುವವರಾಗಿದ್ದರು. ೧೫೨೪ರಲ್ಲಿ ಅಚ್ಚಾದ ಮೊದಲ ಜರ್ಮನ್ ಕೀರ್ತನೆಯ ಪುಸ್ತಕಗಳಲ್ಲಿ ಅವನ ಹಾಡುಗಳಿದ್ದವು: ಜನರ ಆಡುಮಾತಿನಲ್ಲಿ, ಜನ ಹಾಡಬಲ್ಲ ಧಾಟಿಯಲ್ಲಿ. ಅನಂತರ ಬಂದ ಬಾಖ್ (೧೬೮೫–೧೭೫೦) ಅದೇ ಜನರ ಧಾಟಿಗಳನ್ನು ನಾಲ್ಕು ಧ್ವನಿಗಳಲ್ಲಿ ಹೆಣೆದು ಲೋಕವೇ ಮೆಚ್ಚುವಂತೆ ಮಾಡಿದ. ನಾವೇನು ಮಾಡಿದೆವು? ಲೂಥರನ ರಾಗವನ್ನು ಉಳಿಸಿಕೊಂಡೆವು, ಲೂಥರ್ ಮಾಡಿದ ಕೆಲಸವನ್ನು ಬಿಟ್ಟೆವು.

ಆ ಕೆಲಸವನ್ನು ನಮ್ಮಲ್ಲಿ ಯಾರೂ ಮಾಡಲಿಲ್ಲವೆಂದಲ್ಲ. ನಿಘಂಟಿನಿಂದಾಗಿ ನೀವೆಲ್ಲ ಬಲ್ಲ ಫರ್ಡಿನಾಂಡ್ ಕಿಟೆಲ್ (೧೮೩೨–೧೯೦೩) ಆ ನಿಘಂಟು ಅಚ್ಚಾಗುವುದಕ್ಕೆ ಮೂವತ್ತೆರಡು ವರ್ಷ ಮೊದಲೇ, ೧೮೬೨ರಲ್ಲಿ, ಯೇಸುಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸುಗಳಲ್ಲಿ "ಕಥಾಮಾಲೆ" ಎಂಬ ಹೆಸರಿನಿಂದ ರಚಿಸಿದ್ದರು. ಮುಂದೆ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ೧೮೭೫ರಲ್ಲಿ ಪ್ರಕಟಿಸಿದರು. ಕನ್ನಡದ ನಡಿಗೆ ತಿಳಿಯದೆ ಕನ್ನಡದಲ್ಲಿ ದೇವರನ್ನು ಹಾಡಲಾಗದೆಂಬುದನ್ನು ಆ ಜರ್ಮನ್ ಪಾದ್ರಿ ನಮಗಿಂತ ಮೊದಲೇ ಅರಿತಿದ್ದರೆಂದು ನನಗೆ ಅನ್ನಿಸುತ್ತದೆ.

ನಮ್ಮವರೇ ಆದ ಉತ್ತಂಗಿ ಚೆನ್ನಪ್ಪನವರು (೧೮೮೧–೧೯೬೨) ಬಾಸೆಲ್ ಮಿಷನ್ನಿನ ಸಭಾಪಾಲಕರು. ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದವರು, ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ತ್ರಿಪದಿ ಎಂದರೆ ನಮ್ಮ ಅವ್ವಂದಿರು ಬೀಸುವಾಗ ಹಾಡಿದ ಪದಗಳ ಛಂದಸ್ಸು. ಇನ್ನು ನೆರೆಯ ಮರಾಠಿಯಲ್ಲಿ ೧೮೯೫ರಲ್ಲಿ ಕ್ರೈಸ್ತರಾದ ನಾರಾಯಣ ವಾಮನ ಟಿಳಕರು (೧೮೬೧–೧೯೧೯) ಸಂತಕವಿಗಳ ಅಭಂಗದ ಜಾಡಿನಲ್ಲಿ ನೂರಾರು ಹಾಡುಗಳನ್ನು ಕಟ್ಟಿದರು. ಮರಾಠಿ ಚರ್ಚುಗಳು ಇಂದಿಗೂ ಅವನ್ನು ಹಾಡುತ್ತವೆ. ಅಲ್ಲಿ ಅಭಂಗವು ಚರ್ಚಿನ ಬಾಗಿಲು ದಾಟಿತು. ನಮ್ಮ ಭಾಗದ ಸಭೆಗಳಲ್ಲಿ ತ್ರಿಪದಿ ಹೊರಗೇ ನಿಂತಿತು.

ಬೈಲಹೊಂಗಲ ತಾಲೂಕಿನವರಾದ ನಿಮಗೆ ದೇಶನೂರು ಗೊತ್ತು. ಅಲ್ಲಿ ಯೇಸುಸಭೆಯ ಪಾದ್ರಿಗಳು ಕಾವಿಯುಟ್ಟು, ಸ್ನಾನಿಕ ಅರುಳಪ್ಪನ ಹೆಸರಿನಲ್ಲಿ ವಿರಕ್ತಮಠದ ರೀತಿಯ ಆಶ್ರಮವನ್ನು ಕಟ್ಟಿದರು. ೧೯೬೩ರಲ್ಲಿ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಆರಾಧನೆಯ ಶಾಸನವು, ಒಂದು ಜನಾಂಗಕ್ಕೆ ತನ್ನದೇ ಸಂಗೀತವಿದ್ದರೆ ಅದಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ಹೇಳಿತ್ತು. ಅದು ಕ್ಯಾಥೋಲಿಕರ ಮಾತು, ನಾವು ಬೇರೆ ಪಂಗಡದವರು. ಆದರೂ ಆ ಮಾತು ನಮಗೆ ಸಲ್ಲದೆಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಾನು ಮೇಳ ನಡೆಸುತ್ತಿದ್ದ ಕಾಲದಲ್ಲಿ ಹತ್ತಿರದ ಹಳ್ಳಿಯ ವೃದ್ಧ ರೈತರೊಬ್ಬರು ಸಭೆಗೆ ಬರುತ್ತಿದ್ದರು. ಅಕ್ಷರ ಅಷ್ಟಕ್ಕಷ್ಟೇ. ಆದರೆ ಏಕತಾರಿ ಹಿಡಿದು ಕುಳಿತರೆ ಯೇಸುವಿನ ಜನನದಿಂದ ಶಿಲುಬೆಯವರೆಗಿನ ಕಥೆಯನ್ನು ತಾವೇ ಕಟ್ಟಿದ ತತ್ವಪದದ ಧಾಟಿಯ ಹಾಡುಗಳಲ್ಲಿ ಹೇಳುತ್ತಿದ್ದರು. ಶಿಶುನಾಳ ಶರೀಫರ ಪದಗಳನ್ನು ಕೇಳಿ ಬೆಳೆದ ಕೊರಳು ಅದು. ಒಂದು ಕ್ರಿಸ್ಮಸ್ಸಿನ ಹಿಂದಿನ ವಾರ ನನ್ನ ಬಳಿ ಬಂದು ಕೇಳಿದರು: "ಮಾಸ್ತರ, ಈ ಸಲ ನಂದೂ ಒಂದ ಪದ ಇಟ್ಕೋರಿ." ನಾನು ವಾಚನ ಕಾರ್ಯಕ್ರಮ, ವೇಳೆಯ ಅಭಾವ ಎಂದೆಲ್ಲ ನೆಪ ಹೇಳಿ ಕೊನೆಗೆ, "ಅಜ್ಜಾರ, ಇದು ಮನಿಯಾಗ ಹಾಡಾಕ ಚಲೋ ಐತ್ರಿ, ಚರ್ಚಿನ ಹಾಡ ಅಲ್ಲ" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಆತ ಬಿಡ್ರಿ" ಎಂದು ನಕ್ಕು ಹೋದರು. ಆಮೇಲೆಯೂ ಸಭೆಗೆ ಬಂದರು, ಆದರೆ ಹಾಡುವಾಗ ಅವರ ತುಟಿ ಅಲುಗಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಯಾವ ಅಧಿಕಾರದಿಂದ ಹಾಗೆಂದೆನೋ! ಏಕತಾರಿ ಪರರದೆಂದು ತಿಳಿದೆ, ಪೇಟಿ ನಮ್ಮದೆಂದು ತಿಳಿದೆ. ಪೇಟಿ ಹುಟ್ಟಿದ್ದು ೧೮೪೦ರ ದಶಕದ ಫ್ರಾನ್ಸಿನಲ್ಲಿ. ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದನ್ನು ಪರದೇಶದ ವಾದ್ಯವೆಂದು ದೂರವಿಟ್ಟಿತ್ತು. ಅಂಥ ಪೇಟಿಯನ್ನು ನಮ್ಮ ಊರಿನ ಮಠ, ಗುಡಿ, ಭಜನಾ ಮೇಳಗಳೆಲ್ಲ ಒಂದು ಮಾತೂ ಆಡದೆ ಒಳಗೆ ಕರೆದುಕೊಂಡವು. ನಮ್ಮ ಏಕತಾರಿಗೆ ನಾನು ಬಾಗಿಲು ಹಾಕಿದೆ.

ಹಾಗಾದರೆ ಎಲ್ಲವನ್ನೂ ದೇಶೀಯವಾಗಿ ಮಾಡಿಬಿಟ್ಟರೆ ಸರಿಹೋಗುವುದೇ? ಅದೂ ಅಷ್ಟು ಸುಲಭವಲ್ಲ. ನಿವೃತ್ತಿಗೆ ಸ್ವಲ್ಪ ಮುಂಚೆ, ಹುರುಪಿನಲ್ಲಿ ನಾನು ಒಂದು ಸಭೆಯಲ್ಲಿ, "ಹಾಡಿಗೆ ಹಲಗಿ ಬಾರಿಸಿದರೆ ಹೇಗೆ?" ಎಂದು ಸೂಚಿಸಿದೆ. ಹಿರಿಯ ತಾಯಿಯೊಬ್ಬರು ಎದ್ದು ನಿಂತು ಕೇಳಿದರು: "ಆ ಹಲಗಿ ನಮ್ಮಜ್ಜನ ಕೈಯಾಗ ಯಾರ ಕೊಟ್ಟಿದ್ರು, ಯಾಕ ಕೊಟ್ಟಿದ್ರು ಅನ್ನೂದ ನಿಮಗ ಗೊತ್ತೈತೇನ್ರಿ ಮಾಸ್ತರ? ಅದನ್ನ ಬಿಟ್ಟ ಬರಾಕ ನಾವು ಇಲ್ಲಿಗೆ ಬಂದೇವಿ." ನನ್ನ ಬಾಯಿ ಕಟ್ಟಿಹೋಯಿತು. ತಮಿಳುನಾಡಿನಲ್ಲಿ ಜೆ. ತಿಯೋಫಿಲಸ್ ಅಪ್ಪಾವು (೧೯೪೦–೨೦೦೫) ಎಂಬ ಪಾದ್ರಿ ಇದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಎತ್ತಿದ್ದರು. ದೇಶೀಯ ಎಂದರೆ ಶಾಸ್ತ್ರೀಯ ಸಂಗೀತವೇ ಏಕಾಗಬೇಕು, ದಲಿತರು ಹಾಡುವ ಜಾನಪದ ಧಾಟಿ ಏಕೆ ಆಗಬಾರದು ಎಂದು ಕೇಳಿ, ಜಾನಪದ ಧಾಟಿಯಲ್ಲಿಯೇ ಆರಾಧನೆಯ ಹಾಡುಗಳನ್ನು ಕಟ್ಟಿದರು. ಒಬ್ಬರಿಗೆ ವಿಮೋಚನೆಯಾದ ವಾದ್ಯ ಇನ್ನೊಬ್ಬರಿಗೆ ಹಳೆಯ ಗಾಯ. ವಾದ್ಯ ಯಾವುದು, ಧಾಟಿ ಯಾವುದು ಎಂಬುದನ್ನು ಹಾಡುವ ಜನರೇ ತೀರ್ಮಾನಿಸಬೇಕು, ಹೊರಗಿನಿಂದ ಬಂದ ಮಾಸ್ತರನಲ್ಲ. ಆದರೆ ವಾದ್ಯ ಯಾವುದೇ ಇರಲಿ, ಮಾತು ಮುರಿಯಬಾರದು. ಇದು ನನ್ನ ಮೊದಲ ಅಭಿಪ್ರಾಯ.

ಹಾಡು ಕಟ್ಟುವ ನನ್ನ ಶಿಷ್ಯರಿಗೆ ಕೆಲವು ಸೂಚನೆಗಳನ್ನು ಹೇಳಲೇ? ತರಗತಿಯ ಚಟ ಬಿಡುವುದಿಲ್ಲ, ಕ್ಷಮಿಸಿ.

ಮೊದಲು ಸಾಲನ್ನು ಬಾಯಿಬಿಟ್ಟು ಓದಿರಿ, ಆಮೇಲೆ ಪ್ರಸ್ತಾರ ಹಾಕಿರಿ. ತಾಳವು ಮಾತಿನೊಳಗೇ ಅಡಗಿರುತ್ತದೆ. "ಯೇಸು ದೇವರು" ಎಂದಾಗ ಮೂರು ಮತ್ತು ನಾಲ್ಕು ಮಾತ್ರೆ. ಭಾಮಿನಿ ಷಟ್ಪದಿಯ ನಡಿಗೆಯೇ ಅದು. ತಬಲಾದ ಏಳು ಮಾತ್ರೆಯ ರೂಪಕ ತಾಳದ ಮೂರು, ಎರಡು, ಎರಡು ಎಂಬ ಭಾಗಗಳಲ್ಲಿ "ಯೇಸು, ದೇ, ವರು" ಎಂದು ತಾನಾಗಿಯೇ ಕೂರುತ್ತದೆ. "ಕರ್ತನೇ ಕಾಯೆನ್ನ" ಎಂಬುದು ಐದೈದು ಮಾತ್ರೆ. ಝಪತಾಲದ ಎರಡು, ಮೂರು, ಎರಡು, ಮೂರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಶಿಷ್ಯನ "ಕರುಣೆಯ ಬಲವನು ಕೊಡು ಗುರುವೇ" ನಾಲ್ಕು ನಾಲ್ಕು ಮಾತ್ರೆಯ ಸಾಲು. ಎಂಟು ಮಾತ್ರೆಯ ಕೇರವಾಕ್ಕೆ ಹೇಳಿಸಿದ್ದು. ಅವನು ಅದನ್ನು ಮೂರು ಎಣಿಕೆಯ ವಿಲಂಬಿತ ಧಾಟಿಗೆ ಎಳೆದದ್ದರಿಂದಲೇ ಬಾಲ ಹುಟ್ಟಿತು.

ಎರಡನೆಯದಾಗಿ, ನಾಲ್ಕು ಧ್ವನಿಯ ಹಾಡನ್ನು ಬಿಟ್ಟುಬಿಡಬೇಡಿರಿ. ನಮ್ಮವರಲ್ಲಿ ಕೆಲವರು, ರಾಗಕ್ಕೆ ಒಂದೇ ಧ್ವನಿ, ಹಲವು ಧ್ವನಿ ಪರದೇಶದ್ದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ಕು ಧ್ವನಿಯ ಮೇಳದಲ್ಲಿ ನಿಂತವನು ತನ್ನ ಪಾಲನ್ನು ಬಿಡದೆ ಪಕ್ಕದವನ ಪಾಲನ್ನು ಕೇಳಲು ಕಲಿಯುತ್ತಾನೆ. ಮೂವತ್ತೈದು ವರ್ಷ ಶಾಲೆಯಲ್ಲಿ ಕಳೆದ ನನಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಕಂಡಿಲ್ಲ. ಆದರೆ ಪಾಶ್ಚಾತ್ಯ ಸ್ವರಮೇಳವನ್ನು ಹಾಗೆಯೇ ತಂದು ರಾಗದ ಮೇಲೆ ಹೇರಿದರೆ ರಾಗದಲ್ಲಿಲ್ಲದ ಸ್ವರಗಳು ನುಸುಳುತ್ತವೆ. ಭೂಪಾಲಿಯನ್ನೇ ತೆಗೆದುಕೊಳ್ಳಿ. ಸ, ರಿ, ಗ, ಪ, ಧ ಮಾತ್ರ, ಮಧ್ಯಮವಿಲ್ಲ, ನಿಷಾದವಿಲ್ಲ. ಇಲ್ಲಿ ಬೇರೆ ಉಪಾಯವಿದೆ. ಗಂಡಸರ ಕೆಳಧ್ವನಿಯವರು ಷಡ್ಜ-ಪಂಚಮವನ್ನು ತಂಬೂರಿಯಂತೆ ಹಿಡಿದಿರಲಿ. ಹೆಂಗಸರು ಪಲ್ಲವಿಯನ್ನು ಎತ್ತಿಕೊಳ್ಳಲಿ. ಒಂದು ಆವರ್ತನ ತಡೆದು ಗಂಡಸರ ಮೇಲ್ಧ್ವನಿಯವರು ಅದೇ ಪಲ್ಲವಿಯನ್ನು ಮೊದಲಿನಿಂದ ಹಿಡಿಯಲಿ. ಭೂಪಾಲಿಯಲ್ಲಾಗಲಿ ದುರ್ಗಾದಲ್ಲಾಗಲಿ ಅರ್ಧಸ್ವರದ ಅಂತರವೇ ಇಲ್ಲವಾದ್ದರಿಂದ ಒಂದರ ಮೇಲೊಂದು ಬಿದ್ದರೂ ಕಿವಿಗೆ ಕರ್ಕಶವಾಗುವುದಿಲ್ಲ.

ಮೂರನೆಯದಾಗಿ, ನಮ್ಮ ನೆಲದ ಹಿಮ್ಮೇಳವನ್ನು ನೋಡಿ ಕಲಿಯಿರಿ. ಬೈಲಹೊಂಗಲದ ಕಥೆಯೆಂದೇ ಪ್ರಸಿದ್ಧವಾದ ಸಂಗ್ಯಾ ಬಾಳ್ಯಾ ಸಣ್ಣಾಟದಲ್ಲಿ ಮುಂದಿನವನು ಬಿಟ್ಟ ಸೊಲ್ಲನ್ನು ಹಿಮ್ಮೇಳದವರು ಹೇಗೆ ಎತ್ತಿಕೊಳ್ಳುತ್ತಾರೆ! ಗೀಗೀ ಮೇಳದವರು ರಾಣಿ ಚೆನ್ನಮ್ಮನ, ಸಂಗೊಳ್ಳಿ ರಾಯಣ್ಣನ ಪದ ಹಾಡುವಾಗಲೂ, ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಚೌಡಕಿ ಪದ ಹಾಡುವಾಗಲೂ ಇದೇ ಕ್ರಮ. ಓದು ಬಾರದವರೂ ಹಿಮ್ಮೇಳದಲ್ಲಿ ಹಾಡಬಲ್ಲರು. ಮೇಳದವರು ನುಡಿಯನ್ನು ಹಾಡಲಿ, ಪಲ್ಲವಿಯನ್ನು ಇಡೀ ಸಭೆಗೆ ಬಿಡಲಿ. ಪುಸ್ತಕವೂ ಬೇಡ, ಪರದೆಯೂ ಬೇಡ.

ಹಾಡಿಸುವ ಬಗ್ಗೆ ಎರಡು ಮಾತು. ಶ್ರುತಿಯನ್ನು ಒಳ್ಳೆಯ ಗಾಯಕನ ಕೊರಳಿಗೆ ಇಡಬೇಡಿರಿ, ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಯ ಕೊರಳಿಗೆ ಇಡಿರಿ. ವಾರದ ಅಭ್ಯಾಸದಲ್ಲಿ ಅರ್ಧ ತಾಸಾದರೂ ಪೇಟಿಯನ್ನು ಮುಚ್ಚಿಟ್ಟು ಹಾಡಿಸಿರಿ. ಪೇಟಿಗೆ ಆತುಕೊಂಡ ಮೇಳ ತನ್ನ ಧ್ವನಿಯನ್ನು ತಾನೇ ಕೇಳುವುದಿಲ್ಲ.

ಇನ್ನು ಟ್ರ್ಯಾಕಿನ ವಿಷಯ. ಕಮಿಟಿಯವರ ಕಷ್ಟ ನನಗೆ ಅರ್ಥವಾಗುತ್ತದೆ. ಹುಡುಗರು ಬೆಂಗಳೂರು, ಪುಣೆ ಎಂದು ಕೆಲಸಕ್ಕೆ ಹೋಗಿದ್ದಾರೆ. ಪೇಟಿ ನುಡಿಸುವವರು ಸಿಗುವುದಿಲ್ಲ. ಫೋನಿನಲ್ಲಿ ಒತ್ತಿದರೆ ತಬಲಾ, ಪಿಟೀಲು, ಕೊಳಲು ಎಲ್ಲ ಬರುತ್ತವೆ. ಆದರೆ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಅಜ್ಜಿಗೆ ಉಸಿರು ಸಾಲದಿದ್ದರೆ ಅದು ನಿಲ್ಲುವುದಿಲ್ಲ, ಮಗು ತಪ್ಪಿದರೆ ಹಿಂದಿರುಗಿ ಬಂದು ಕೈಹಿಡಿಯುವುದಿಲ್ಲ. ಅದರ ಜೊತೆಗೆ ಓಡಲಾಗದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚುತ್ತಾರೆ. ಹೀಗೆ ಐನೂರು ವರ್ಷಗಳ ಹಿಂದೆ ಕೇಳುವವರಾಗಿದ್ದ ಜನ ಹಾಡುವವರಾದ ಮೇಲೆ, ನಾವು ಮತ್ತೆ ಕೇಳುವವರಾಗಿ ಕೂರುತ್ತಿದ್ದೇವೆ. ಏಳು ಜನ ಶ್ರುತಿ ತಪ್ಪಿ ಹಾಡಿದರೂ ಅದು ಆರಾಧನೆಯೇ. ಯಂತ್ರವು ಶ್ರುತಿ ತಪ್ಪದೆ ಹಾಡಿದರೆ ಅದು ಆರಾಧನೆಯಾಗುವುದು ಹೇಗೆ?

"ಹಳೆಯ ಹಾಡುಗಳನ್ನು ಬಿಡಬೇಕೇ ಮಾಸ್ತರ?" ಎಂದು ನನ್ನ ಓರಗೆಯವರು ನೋವಿನಿಂದ ಕೇಳುತ್ತಾರೆ. ಬೇಡವೇ ಬೇಡ. ನಮ್ಮ ತಂದೆ-ತಾಯಿಗಳ ಶವದ ಮುಂದೆ ಹಾಡಿದ ಹಾಡುಗಳವು; ಅಕ್ಷರ ಮುರಿದಿದ್ದರೂ ಅವು ನಮ್ಮವು. ಅವನ್ನು ಇದ್ದ ಹಾಗೆಯೇ ಹಾಡೋಣ. ಆದರೆ ಇಂದು ಹೊಸದಾಗಿ ಹಾಡು ಕಟ್ಟುವವನು ಅದೇ ಮುರುಕನ್ನು ಬೇಕೆಂದೇ ಮಾಡಬೇಕಾಗಿಲ್ಲ.

ಶಿಷ್ಯನ ಹಾಡಿನ ಕಥೆ ಹೇಳಿ ಮುಗಿಸುತ್ತೇನೆ. ಆ ದಿನ ಸಂಜೆಯವರೆಗೆ ಇಬ್ಬರೂ ಕುಳಿತು ಅದನ್ನು ಕೇರವಾಕ್ಕೆ ತಂದೆವು, ಧಾಟಿಯನ್ನು ಅವನೇ ದುರ್ಗಾದಲ್ಲಿ ಹೊಸದಾಗಿ ಕೂಡಿಸಿದ. ನಾನು ಹೆಚ್ಚೇನೂ ಮಾಡಲಿಲ್ಲ, ಬೆರಳು ಮಡಚಿ ಮಾತ್ರೆ ಎಣಿಸಿದೆ, ಅಷ್ಟೆ. ಕ್ರಿಸ್ಮಸ್ಸಿಗೆ ಸಿದ್ಧವಾಗಲಿಲ್ಲ. ಈಸ್ಟರ್ ದಿನ ಬೆಳಿಗ್ಗೆ ನಾನು ಬಸ್ಸು ಹಿಡಿದು ಅವನ ಊರಿಗೆ ಹೋಗಿದ್ದೆ. ಏಳು ಜನರ ಜೊತೆಗೆ ಇನ್ನೂ ನಾಲ್ವರು ಹೆಂಗಸರು ಸೇರಿ ಹನ್ನೊಂದಾಗಿದ್ದರು. ಎರಡನೆಯ ನುಡಿಗೆ ಗಂಡಸರು ಒಂದು ಆವರ್ತನ ತಡೆದು ಹಿಡಿಯಬೇಕಾದಲ್ಲಿ ಎರಡು ಆವರ್ತನ ತಡೆದರು. ಯಾರಿಗೂ ಗೊತ್ತಾಗಲಿಲ್ಲ. ಮೂರನೆಯ ಪಲ್ಲವಿಗೆ ಹಿಂದಿನ ಬೆಂಚಿನವರೂ ಸೇರಿಕೊಂಡರು. "ಬಲವನು" ಎಂಬುದು ಬಲವಾಗಿಯೇ ಕೇಳಿಸಿತು. ಕಮಿಟಿಯವರು ಇನ್ನೂ ತಮ್ಮ ತೀರ್ಮಾನವನ್ನು ಹೇಳಿಲ್ಲ.

ಹಿಂದಿರುಗುವಾಗ ಆ ಏಕತಾರಿಯ ಅಜ್ಜನವರ ಹಳ್ಳಿಯಲ್ಲಿ ಇಳಿದೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಪದಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಸೊಸೆಯನ್ನು ಕೇಳಿದೆ. "ಎಲ್ಲಾ ಬಾಯಾಗ ಇದ್ದೂರಿ, ಮಾವಾರ ಕೂಡನ ಹೋದೂರಿ" ಎಂದರು. ಗೋಡೆಯ ಮೊಳೆಗೆ ಏಕತಾರಿ ತೂಗುತ್ತಿತ್ತು, ತಂತಿ ಇರಲಿಲ್ಲ.

ಆದ್ದರಿಂದ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ತಾವೇ ಕಟ್ಟಿದ ಪದಗಳನ್ನು ಹಾಡುವವರಿದ್ದರೆ, ಅವು ಯಾವ ದೇವರ ಪದಗಳೇ ಆಗಿರಲಿ, ಬರುವ ಭಾನುವಾರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿರಿ. ಫೋನಿದ್ದರೆ ಧ್ವನಿಯನ್ನೂ ಹಿಡಿದಿಡಿರಿ. ಅದಕ್ಕೆ ಆ ಯಂತ್ರ ನಿಜಕ್ಕೂ ಒಳ್ಳೆಯದು. ಪ್ರಸ್ತಾರ ಹಾಕುವುದು ಮರೆತಿದ್ದರೆ ನನ್ನಲ್ಲಿಗೆ ಬನ್ನಿರಿ, ಮತ್ತೊಮ್ಮೆ ಹೇಳಿಕೊಡುತ್ತೇನೆ.

ಎಲ್ಲರಿಗೂ ಶುಭವಾಗಲಿ.